ನಾಲ್ಕನೇ ಬೋಲ್ಟು

ಹೊಳೆದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಗುರು ಮೌನೇಶಜ್ಜ, ಶಿಷ್ಯೆ ಹಂಪವ್ವ, ಒಂದು ಹಳೇ ಮೋಟರ್‌ಸೈಕಲ್ಲು. ಆಸ್ತಿ ಅಂತ ಇದ್ದದ್ದು ಅಷ್ಟೇ.

ಒಂದು ದಿನ ಮುಂಜಾನೆ ಆಚೆ ಊರಿನ ದೊಡ್ಡ ಮಠದಿಂದ ಮಾತು ಬಂತು: "ಮಧ್ಯಾಹ್ನದ ಹಾಡಿಕೆಗೆ ಅಜ್ಜಾರು ಬರಲಿ. ಹಾಡೋ ಸಾಲಿನಾಗ ಹೆಣ್ಣುಮಗಳಿಗೆ ಜಾಗ ಇಲ್ಲ."

ಹನ್ನೆರಡು ವರ್ಷ ಅಜ್ಜನ ಹತ್ತಿರ ಕೂತು ಹಾಡು ಕಲಿತವಳು ಹಂಪವ್ವ.

"ನಾನೂ ಬರ್ತೀನ್ರಿ ಅಜ್ಜಾರ. ಹಾಡೇ ಹಾಡ್ತೀನಿ."

"ಬಾ ಮತ್ತ. ಮೊದಲು ಗಾಡಿ ನೋಡು. ನಿನ್ನೆಯಿಂದ ನಡುಗಾಕತ್ತೈತಿ."

ಇಂಜಿನ್ನು ಹಿಡಿದು ನಿಲ್ಲಿಸಿದ್ದು ನಾಲ್ಕು ಬೋಲ್ಟು. ಮೂರು ಎದುರಿಗೇ ಇದ್ದವು. ನಾಲ್ಕನೆಯದು ಹಿಂದೆ, ಕಂಬಿಗಳ ಸಂದಿಯಲ್ಲಿ, ಅತ್ತೆ ಬಚ್ಚಿಟ್ಟ ಬೆಲ್ಲದ ಹಾಗೆ.

ಹಂಪವ್ವ ಅದಕ್ಕೆ ಬೋಲ್ಟು ಬಿಗಿಯುವ ಪಾನಾ ಹಾಕಿದಳು. ಚೂರು ತಿರುಗುವಷ್ಟರಲ್ಲೇ ಹಿಡಿ ಕಂಬಿಗೆ ಬಡಿಯಿತು. ಬೆರಳ ಗೆಣ್ಣು ತರಚಿತು. ಬಿಟ್ಟಳು. ಎದುರಿನ ಮೂರನ್ನೇ ಸಿಟ್ಟು ತೀರುವಷ್ಟು ಬಿಗಿದಳು.

ಅಜ್ಜ ಬಂದು ಇಂಜಿನ್ನು ಹಿಡಿದು ಅಲುಗಿಸಿದ. ಕಟಕಟ ಅಂತು.

"ನಾಲ್ಕನೇದು?"

"ಅಲ್ಲಿ ಜಾಗ ಇಲ್ರಿ."

"ಹಂಗಂತ ಯಾರಂದ್ರು? ದೊಡ್ಡ ಮಠದವರಾ?"

ಹಂಪವ್ವನಿಗೆ ಚುರ್ರೆಂದಿತು.

"ಬೇಕಾದ್ರ ನೀವೇ ನೋಡ್ರಿ. ಪಾನಾ ಆಡಂಗಿಲ್ಲ. ಅದರ ಬಾಯಿ ಬ್ಯಾರೆ ಸೊಟ್ಟ. ಯಾವ ಮೂಳ ಮಾಡಿದ್ನೋ."

ಅಜ್ಜ ನೆಲಕ್ಕೆ ಕೂತ. ಪಾನಾ ಸಂದಿಗೆ ತೂರಿಸಿದ, ಚೂರು ತಿರುಗಿಸಿದ, ಹೊರಗೆ ತೆಗೆದ. ಹೆಂಚಿನ ಮೇಲೆ ರೊಟ್ಟಿ ಮಗುಚಿದಂತೆ ಅದನ್ನು ಮಗುಚಿ ಮತ್ತೆ ಹಾಕಿದ. ಸೊಟ್ಟ ಬಾಯಿ ಈಗ ಆ ಕಡೆಗೆ ವಾಲಿತ್ತು. ಬೋಲ್ಟನ್ನು ಹೊಸದಾಗಿ ಕಚ್ಚಿತು. ಇನ್ನೊಂದು ಚೂರು ತಿರುಗಿತು.

"ಇದಕ್ಕ ಸೊಟ್ಟ ಮಾಡ್ಯಾನ ಆ ಮೂಳ," ಅಂತ ಪಾನಾ ಅವಳ ಕೈಗಿಟ್ಟು ಎದ್ದ.

ಹಂಪವ್ವ ತಿರುಗಿಸಿದಳು, ತೆಗೆದಳು, ಮಗುಚಿದಳು. ತಿರುಗಿಸಿದಳು, ತೆಗೆದಳು, ಮಗುಚಿದಳು. ಬೇವಿನ ನೆರಳು ಕಟ್ಟೆಯಿಂದ ಕೆಳಗಿಳಿಯಿತು. ತರಚಿದ ಗೆಣ್ಣು ಮತ್ತೆರಡು ಸಲ ಕಂಬಿಗೆ ಉಜ್ಜಿತು. ಪಾನಾ ಬಿಡಲಿಲ್ಲ. ಕೊನೆಗೆ ಪಾನಾ ಅಲ್ಲಾಡದೆ ನಿಂತಿತು.

ಅಜ್ಜನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಗಾಡಿ ನಡುಗಲಿಲ್ಲ.

ದೊಡ್ಡ ಮಠದ ಬಾಗಿಲಲ್ಲಿ, ಅಲ್ಲಿನ ಆಡಳಿತ ನೋಡಿಕೊಳ್ಳುವ ಪಾರುಪತ್ಯಗಾರ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಒಳಗೆ ಹಾಡುವ ಗಂಡಸರು ತೊಡೆಗೆ ತೊಡೆ ತಾಗಿಸಿ ಕೂತಿದ್ದರು.

"ಹೇಳಿ ಕಳಿಸಿದ್ವಲ್ಲ ತಂಗೀ," ಅಂದ ಪಾರುಪತ್ಯಗಾರ. "ಜಾಗ ಇಲ್ಲ. ಹೊರಗ ಕೂತು ಕೇಳು, ಪ್ರಸಾದಕ್ಕ ಕರೀತೀವಿ."

"ಉಣ್ಣಾಕ ಬಂದಿಲ್ರಿ," ಅಂದಳು ಹಂಪವ್ವ. ಕೈಯ ಕರಿ ಎಣ್ಣೆ ಒರೆಸಿಕೊಳ್ಳಲೂ ಇಲ್ಲ.

ಅಜ್ಜ ಪಾರುಪತ್ಯಗಾರನ ಮುಖ ನೋಡಲಿಲ್ಲ, ಕಾಲು ನೋಡಿದ.

"ಹಂಪವ್ವಾ, ಇವರ ಕಾಲ ಪಕ್ಕ, ಹೊಸ್ತಿಲ ಒಳಗ, ಎಷ್ಟು ಜಾಗ ಐತಿ?"

ಅವಳು ಬಗ್ಗಿ ನೋಡಿದಳು.

"ಒಂದು ಪಾದ ಊರುವಷ್ಟು ಐತ್ರಿ."

"ಊರು. ನಿಂತೇ ಒಂದು ಹಾಡು ಹಾಡು. ಇನ್ನೊಂದು ಕಾಲಿನ ಮಾತು ಆಮ್ಯಾಲ ನೋಡೋಣ."