ನಾಯಿಗಾಗಿ ಬೇಡಿಕೊಂಡವರು

ಹಳ್ಳದ ದಂಡೆಯ ಮಠ ಎಂದರೆ ಈಗಿನವರ ಕಣ್ಣಿಗೆ ಕಲ್ಲಿನ ಕಟ್ಟಡ ಬರುತ್ತದೆ. ನಮ್ಮ ಕಾಲಕ್ಕೆ ಅದು ಮಣ್ಣಿನ ಮಾಳಿಗೆಯ ಎರಡು ಅಂಕಣ, ಅಷ್ಟೇ. ಪೂಜ್ಯ ಅಡವಯ್ಯ ಅಜ್ಜನವರು ಅಲ್ಲಿ ಕಂಬಳಿಯ ಮೇಲೆ ಕುಳಿತು ದಾಸೋಹದ ಜೋಳವನ್ನು ತಾವೇ ಹಸನು ಮಾಡುತ್ತಿದ್ದರು. ಭಕ್ತರು ಮೊರ ಕಸಿದುಕೊಳ್ಳಲು ಹೋದರೆ, ನಕ್ಕು ಮೂಲೆಯಲ್ಲಿದ್ದ ಇನ್ನೊಂದು ಮೊರ ತೋರಿಸುತ್ತಿದ್ದರು. ಆ ನಗು ನೆನೆದರೆ ಇಂದಿಗೂ ಜೀವ ತಂಪಾಗುತ್ತದೆ.

ಅಂಥ ಒಂದು ಮುಂಜಾನೆ ನೇಕಾರ ಮಾನಿಂಗಪ್ಪ ಬಡಿಗೆ ಹಿಡಿದು ಬಂದ. ಮಠ, ಸ್ವಾಮಿಗಳು ಎಂದರೆ ಮೂಗು ಮುರಿಯುವ ಆಸಾಮಿ. ಹಿಂದೆಯೇ ಅವನ ಹೆಂಡತಿ, ಏಳು ವರ್ಷದ ಮಗಳು ಕಸ್ತೂರಿಯನ್ನು ಎತ್ತಿಕೊಂಡು ಅಳುತ್ತ ಬಂದಳು. ಮಠದ ಕಂದು ನಾಯಿ ಹುಡುಗಿಯ ಮೀನಖಂಡಕ್ಕೆ ಬಾಯಿ ಹಾಕಿತ್ತು. ಕಚ್ಚಿದ ನಾಯಿಯನ್ನು ಅಂದೇ ಕೊಂದರೆ ನಂಜು ಏರುವುದಿಲ್ಲ ಎಂಬ ನಂಬಿಕೆ ನಮ್ಮ ಓಣಿಯಲ್ಲಿತ್ತು. ದೇವರನ್ನೇ ನಂಬದ ಮಾನಿಂಗಪ್ಪ ಇದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದ.

ನಾಯಿ ಅಜ್ಜನವರ ಬೆನ್ನ ಹಿಂದೆ ಸರಿಯಿತು.

"ಅಡ್ಡ ಬರಬ್ಯಾಡ್ರಿ ಅಜ್ಜಾರ. ನನ್ನ ಮಗಳ ಜೀವಾನೂ ಈ ನಾಯಿ ಜೀವಾನೂ ನಿಮಗ ಒಂದಽ ಏನು?"

ಅಜ್ಜನವರು ಮೊರ ಕೆಳಗಿಟ್ಟು ಎದ್ದರು. ಸಾಬೂನು ತಂದು, ಕೊಡಗಟ್ಟಲೆ ನೀರು ಸುರಿದು, ಗಾಯವನ್ನು ಬಹಳ ಹೊತ್ತು ತೊಳೆದರು. ತಾಯಿ ವಿಭೂತಿ ಕೇಳಿದಾಗ ಮಗುವಿನ ಹಣೆಗೆ ಹಚ್ಚಿ, "ಗಾಯಕ್ಕ ಇದು ಸಾಲದವ್ವಾ. ಈಗಿಂದೀಗ ದವಾಖಾನಿಗೆ ಹೋಗ್ರಿ, ಸೂಜಿ ಹಾಕಸ್ರಿ" ಎಂದರು. ಆಮೇಲೆ ತಂದೆಯ ಕಡೆ ತಿರುಗಿದರು.

"ಮಗಳ ಜೀವಾನಽ ದೊಡ್ಡದು ತಮ್ಮಾ. ಅದಕ್ಕಽ ಇದನ್ನ ಕೊಲ್ಲಬ್ಯಾಡ. ಇದಕ್ಕ ಹುಚ್ಚು ಹಿಡದಿದ್ರ ಹತ್ತು ದಿನದಾಗ ಗೊತ್ತಾಗ್ತೈತಿ. ಉಳದ್ರ ಕೂಸಿಗೆ ಭಯ ಇಲ್ಲ. ಕಟ್ಟಿ ಹಾಕಿ ನೀನಽ ಕಾಯಿ."

ಪಟ್ಟಣದ ಡಾಕ್ಟರರೂ ಅದನ್ನೇ ಹೇಳಿ, ಹೊಕ್ಕುಳ ಸುತ್ತ ಸೂಜಿ ಚುಚ್ಚಲು ಶುರು ಮಾಡಿದರು. ತಾಯಿ ದಿನಾ ಮಗಳನ್ನು ಕರೆದುಕೊಂಡು ಹೋಗುವಳು. ಮಾನಿಂಗಪ್ಪ ಮಗ್ಗ ನಿಲ್ಲಿಸಿ ಮಠದಲ್ಲೇ ಕುಳಿತ. ಮೊದಲೆರಡು ದಿನ ಬೈಯುತ್ತಲೇ ಕೋಲಿನಿಂದ ರೊಟ್ಟಿ ತಳ್ಳಿದ. ನಾಲ್ಕನೆಯ ದಿನ ನಾಯಿ ರೊಟ್ಟಿ ಮುಟ್ಟಲಿಲ್ಲ. ಎಂದೂ ಕೈಮುಗಿಯದವನು ಗದ್ದುಗೆಯ ಮುಂದೆ ನಿಂತು, "ನಾಯಿ ಉಣ್ಲೆಪ್ಪಾ" ಎಂದು ಬೇಡಿದ. ಅಜ್ಜನವರು ನೋಡಿಯೂ ನೋಡದಂತೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಅವನ ಕೈಗಿತ್ತರು. ಸಂಜೆಗೆ ಬಟ್ಟಲು ಖಾಲಿಯಾಗಿತ್ತು.

ಹತ್ತನೆಯ ದಿನವೂ ನಾಯಿ ನೀರು ಕುಡಿದು, ಬಾಲ ಅಲ್ಲಾಡಿಸಿತು. ಮಾನಿಂಗಪ್ಪ ಅಲ್ಲೇ ನೆಲದ ಮೇಲೆ ಕುಳಿತು ಗಟ್ಟಿಯಾಗಿ ಅತ್ತುಬಿಟ್ಟ.

ಅಜ್ಜನವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದ ಮೇಲೆ, ಮುಪ್ಪಿನ ಮಾನಿಂಗಪ್ಪನವರು ಇದನ್ನೆಲ್ಲ ನನ್ನೆದುರು ಕುಳಿತು ನೆನೆದರು. ನಾನು ಚೇಷ್ಟೆಗೆ, "ಹಂಗಾರ ಯಾವ ಜೀವ ದೊಡ್ಡದು ಕಾಕಾ?" ಎಂದೆ.

ಅವರು ನಗಲಿಲ್ಲ.

"ಮಗಳದಽ. ಆದ್ರ ಆ ಹತ್ತು ದಿನ ನಾ ಬೇಡಿದ್ದು ನಾಯಿ ಜೀವ. ಬೇಡಿ ಬೇಡಿ ಅದೂ ನನ್ನ ಕೂಸಾತು."