ಎತ್ತಲಾಗದಷ್ಟು ಬೆಳೆದ ಮಗ

"ಗಂಡನಿಲ್ಲದವಳು ನೀನು, ಈ ಕೂಸನ್ನು ಎದೆಗೆ ಅಂಟಿಸಿಕೊಂಡು ಎರಡು ಮರ ದಾಟಲಾರೆ" ಎಂದು ಅತ್ತೆ ಬಾವಲಿ ಸೊಸೆಗೆ ಹೇಳಿದ್ದಳು. ಸೊಸೆ ಕೂಸನ್ನು ಹೊತ್ತುಕೊಂಡೇ ಹೊಳೆ ದಾಟಿದಳು, ಹಣ್ಣು ತಂದಳು, ಸಾಕಿದಳು. ಬೆಳೆದ ಮಗ ಈಚಲು ಮರದ ಹೆಂಡದ ಮಡಕೆಗೆ ಬಾಯಿ ಹಾಕಿದ, ವರ್ಷಗಳಾದರೂ ಬಿಡಲಿಲ್ಲ.

ಒಂದು ಮುಂಜಾನೆ ಅವನು ಮಡಕೆಯಿಂದ ಜಾರಿ ನೆಲಕ್ಕೆ ಬಿದ್ದ. ಬಿದ್ದ ಬಾವಲಿ ನೆಲದಿಂದ ಹಾರಲಾರದು, ಮರ ಹತ್ತಿಯೇ ಹಾರಬೇಕು. ತಾಯಿ ತಾನೂ ನೆಲಕ್ಕಿಳಿದಳು.

"ಎತ್ತಿಕೋ ಅವ್ವಾ. ಆಗ ಹೊತ್ತು ತಿರುಗುತ್ತಿದ್ದೆಯಲ್ಲ."

"ಈಗ ನೀನು ನನಗಿಂತ ಭಾರ ಕಣೋ. ನೀನೇ ಹತ್ತು. ನಾನು ನಿನ್ನ ಹಿಂದೆಯೇ ಇರುತ್ತೇನೆ."

ಮೇಲಿದ್ದ ಕಾಗೆ ನಕ್ಕಿತು. "ನಾಳೆಯೂ ಬೀಳುತ್ತಾನೆ, ತಾಯೀ. ನೀನಾದರೂ ಮುಂದೆ ಹತ್ತಿ ಜೀವ ಉಳಿಸಿಕೋ."

"ನಾಳೆ ಬಿದ್ದರೆ ನಾಳೆ ಇಳಿಯುತ್ತೇನೆ" ಎಂದಳು ಅವಳು.

ಅಷ್ಟರಲ್ಲಿ ನಾಯಿ ಬಂತು. ಮಗ ಅದಕ್ಕೆ ಎಟುಕದಷ್ಟು ಎತ್ತರ ಏರಿದ್ದ. ಅವನ ಹಿಂದಿದ್ದ ಅವಳು ಏರಿರಲಿಲ್ಲ.

ಈಗ ಅವಳನ್ನು ಸಾಕಲು ಮಗನಿದ್ದಾನೆ. ಹೆಚ್ಚಿನ ದಿನ ಹಣ್ಣು ತಂದು ತಿನ್ನಿಸುತ್ತಾನೆ. ಕೆಲವು ದಿನ ಹೆಂಡದ ವಾಸನೆಯೊಂದನ್ನೇ ತರುತ್ತಾನೆ. ಅವಳ ಬಲರೆಕ್ಕೆ ಅಂದೇ ನಾಯಿಯ ಪಾಲಾಗಿತ್ತು.