ಬೆಳ್ಳಿ ನಂದಿಯ ತೂಕ

ಹಿರೇಕಡಬೂರಿನ ಹೊರಗೆ, ಮಣ್ಣಿನ ಗೋಡೆಯ ಒಂದಂಕಣದ ಮಠದಲ್ಲಿ ಪೂಜ್ಯ ಶ್ರೀ ಹಾಲಬಸವ ಶಿವಯೋಗಿಗಳು ವಾಸವಾಗಿದ್ದರು. ಪೀಠವೆಂದರೆ ಒಂದು ಕಂಬಳಿ. ಆಸ್ತಿಯೆಂದರೆ ರೋಗಿಗಳಿಗೆ ಬೇರು-ಭಸ್ಮ ತೂಗಿಕೊಡುವ ಒಂದು ತಕ್ಕಡಿ. ಮಹಾತ್ಮರಿಗೆ ಸಿಟ್ಟೇ ಬಾರದೆನ್ನುವವರು ಅವರನ್ನು ಕಂಡವರಲ್ಲ.

ಒಂದು ಬೆಳಗ್ಗೆ ಸಂಗನಗೌಡ, ಕಂಚುಗಾರ ಕಾಳಪ್ಪನ ಕುತ್ತಿಗೆಗೆ ಕೈಹಾಕಿ ಪೇಟೆಯುದ್ದಕ್ಕೂ ‘ಕಳ್ಳ’ ಎಂದು ಕೂಗುತ್ತ ಎಳೆದುಕೊಂಡು ಮಠಕ್ಕೆ ಬಂದ. ಗೌಡನ ಒಬ್ಬಳೇ ಮಗಳು ನೀಲಗಂಗಾ ಬಾಣಂತಿತನದಲ್ಲಿ ತೀರಿಕೊಂಡಿದ್ದಳು. ಅವಳ ಬೆಳ್ಳಿ ಒಡವೆಗಳನ್ನು ಕಾಳಪ್ಪನಿಗೆ ಕೊಟ್ಟು ಗೌಡ ಒಂದು ನಂದಿ ಮಾಡಿಸಿದ್ದ. ಅದೇ ಅಚ್ಚಿನ ಮೇಣದಿಂದ ಕಾಳಪ್ಪ ಮಠಕ್ಕೊಂದು ಹಿತ್ತಾಳೆಯ ನಂದಿಯನ್ನೂ ಎರೆದಿದ್ದ. ಎರಡೂ ಗಟ್ಟಿ ಎರಕ. ಮೇಣದ ಒಂದು ತೂಕಕ್ಕೆ ಹಿತ್ತಾಳೆ ಒಂಬತ್ತು, ಬೆಳ್ಳಿ ಹನ್ನೊಂದು ಎಂಬುದು ಎರಕದವರ ಲೆಕ್ಕ. ಗೌಡನಿಗೆ ಅದು ಗೊತ್ತಿರಲಿಲ್ಲ. ಎರಡನ್ನೂ ಎತ್ತಿ ನೋಡಿದ್ದ, ತನ್ನದೇ ಹೆಚ್ಚು ಭಾರವಿತ್ತು.

“ಒಂದ ಅಚ್ಚು, ಒಂದ ಗಾತ್ರ! ನಂದು ಯಾಕ ಹೆಚ್ಚಿಗಿ ಭಾರ ಐತ್ರಿ ಅಪ್ಪಾರ? ಬೆಳ್ಳಿ ನುಂಗಿ ಸೀಸ ಕೂಡಿಸ್ಯಾನ ಈ ಕಳ್ಳ! ಸತ್ತ ಮಗಳ ಮೈಮ್ಯಾಲಿಂದು ಅದು! ಇವತ್ತ ಇವನ ಕುಲುಮಿ ಒಡದು ಊರು ಬಿಡಸ್ತೀನಿ!”

“ಮೊದಲ ಅಂವನ ಕುತ್ತಿಗಿ ಬಿಡು!” ಶಿವಯೋಗಿಗಳು ಗುಡುಗಿದರು. ಗೌಡನ ಕೈ ತಾನಾಗಿ ಸಡಿಲವಾಯಿತು. “ಆಕೀ ಬೆಳ್ಳಿ ಒಂದರ ಉಳಿಸಿಕೊಂಡೀಯೇನು?”

ಗೌಡ ಹಲ್ಲು ಕಚ್ಚಿಕೊಂಡು ನಡುವಿನ ಗಂಟು ಬಿಚ್ಚಿ ಮಗಳ ಒಂದು ಕಾಲ್ಗಡಗ ತೆಗೆದಿಟ್ಟ.

ಶಿವಯೋಗಿಗಳು ಪಾತ್ರೆಯೊಂದಕ್ಕೆ ಕಂಠಮಟ್ಟ ನೀರು ತುಂಬಿ, ಚೆಲ್ಲಿದ ನೀರು ನಿಲ್ಲಲೆಂದು ಅಗಲವಾದ ಪರಾತದಲ್ಲಿಟ್ಟರು. ಗೌಡ ಕಂಕುಳಲ್ಲಿ ತಂದಿದ್ದ ಬೆಳ್ಳಿ ನಂದಿಯನ್ನು ತೂಗಿ, ಮೆಲ್ಲಗೆ ಮುಳುಗಿಸಿ, ಚೆಲ್ಲಿದ ನೀರನ್ನೂ ತೂಗಿದರು. ನೀರು ಮೇಣಕ್ಕಿಂತ ತುಸು ಭಾರ; ನಂದಿ ತಾನು ಚೆಲ್ಲಿದ ನೀರಿನ ಹತ್ತೂವರೆ ಪಟ್ಟು ತೂಗಿತು. ಹಿತ್ತಾಳೆಯ ನಂದಿಯೂ ಅಷ್ಟೇ ನೀರು ಚೆಲ್ಲಿತು. ಆದರೆ ಅದರ ತೂಕ ಆ ನೀರಿನ ಎಂಟೂವರೆ ಪಟ್ಟು ಅಷ್ಟೇ. ಔಷಧಕ್ಕೆಂದು ಇಟ್ಟಿದ್ದ ಸೀಸದ ಗಟ್ಟಿ ತಾನು ಚೆಲ್ಲಿದ ನೀರಿನ ಹನ್ನೊಂದು ಪಟ್ಟನ್ನೂ ದಾಟಿತು. ಕಡೆಗೆ ಕಾಲ್ಗಡಗ ಮುಳುಗಿತು. ಗೌಡ ತಕ್ಕಡಿಯ ಮುಳ್ಳನ್ನೇ ನೋಡಿದ. ಅದೂ ಹತ್ತೂವರೆ.

ನಂದಿಯಲ್ಲಿದ್ದದ್ದು ಮಗಳ ಬೆಳ್ಳಿಯೇ. ಕಾಳಪ್ಪ ಗುಂಜಿಯಷ್ಟೂ ಕದ್ದಿರಲಿಲ್ಲ.

ತಪ್ಪಾಯಿತೆನ್ನುವ ಬದಲು ಗೌಡನಿಗೆ ಸಿಟ್ಟೇ ಬಂತು. “ಹಂಗಾರ ನಾ ಯಾರ ಮ್ಯಾಲ ಸಿಟ್ಟಾಗ್ಲಿ? ಹೇಳ್ರಿ! ಯಾರ ಮ್ಯಾಲ?”

ಶಿವಯೋಗಿಗಳು ಒದ್ದೆ ನಂದಿಯನ್ನು ಎತ್ತಿ ಅವನ ಕೈಯಲ್ಲಿಟ್ಟರು.

“ಶಿವನ ಮ್ಯಾಲ ಆಗು. ಅಂವಾ ತಡಕೊಳ್ತಾನ. ಈ ಬಡವ ತಡಕೊಳ್ಳಾಂಗಿಲ್ಲ.”

ಗೌಡ ಶಿವನನ್ನು ಬೈದ. ಎಳೆಬಾಣಂತಿಯನ್ನು ಒಯ್ದವನೇ ಎಂದು ಬಾಯಿಗೆ ಬಂದಂತೆ ಬೈದ. ಬೈಯುತ್ತ ಬೈಯುತ್ತ, ಮಗಳನ್ನು ಮಣ್ಣು ಮಾಡಿದಂದೂ ಅಳದವನು ಗೊಳೋ ಎಂದು ಅತ್ತ. ಶಿವಯೋಗಿಗಳು ಕಣ್ಣುಮುಚ್ಚಿ ಕುಳಿತು, ಒಂದು ಮಾತನ್ನೂ ತಡೆಯದೆ ಕೇಳಿದರು. ಅಳು ಮುಗಿದಾಗ ಗೌಡ ಕಾಳಪ್ಪನ ಕಾಲಿಗೆ ಬಿದ್ದ.

ಕಾಳಪ್ಪ ಹಿಂದೆ ಸರಿದ. ಅವನ ಕಣ್ಣುಗಳೂ ಕೆಂಪಗಿದ್ದವು. “ಇಲ್ಲಿ ಕಾಲು ಹಿಡೀಬ್ಯಾಡ್ರಿ ಗೌಡ್ರ. ಪೇಟ್ಯಾಗ ಕಳ್ಳ ಅಂದ್ರಿ. ಅಲ್ಲೇ ಬಂದು ಅಲ್ಲ ಅನ್ರಿ.”

ಗೌಡ ಗುರುಗಳತ್ತ ನೋಡಿದ. ಅವರು ಬಾಗಿಲ ಕಡೆ ಕೈ ತೋರಿದರು.

ಅಂದು ನಡುಪೇಟೆಯಲ್ಲಿ, ಯಾರಿಗೂ ತಲೆಬಾಗದ ಸಂಗನಗೌಡ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ. “ಕಾಳಪ್ಪ ಕಳ್ಳ ಅಲ್ಲ” ಎಂದ. ಹಿಂದಿದ್ದವರಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.